ಹಳೇ ಬೀಟಲ್ ಕಾರಿನ ಇಂಜಿನ್ನಿನ ಹೆಡ್ಡು ತೊಳೆಯಲು ಹೊರಗೆ ಕೊಡುವವರು ದಯವಿಟ್ಟು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಅಲ್ಯೂಮಿನಿಯಂ ಹೆಡ್ಡನ್ನು (ಸಿಲಿಂಡರಿನ ಬಾಯಿ ಮುಚ್ಚುವ ಇಂಜಿನ್ ಭಾಗ) ಕಾಸ್ಟಿಕ್ ಸೋಡಾ ತೊಟ್ಟಿ ಇರುವ ಅಂಗಡಿಗೆ ಕೊಟ್ಟು ಮನೆಗೆ ಬರಬೇಡಿ. ಕೊಡಲೇಬೇಕು ಅಂದರೆ ಎದುರಿಗೆ ನಿಂತು ತೊಳೆಸಿ. ವಾಪಸ್ ಬಂದ ಹೆಡ್ಡು ಬೆಳ್ಳಿ ಲೋಟದ ಹಾಗೆ ಹೊಳೆಯುತ್ತಿದ್ದರೆ ಖುಷಿಪಡಬೇಡಿ. ಮೊದಲು ಪೆಟ್ರೋಲ್ ಬಟ್ಟೆಯಲ್ಲಿ ಉಜ್ಜಿ ನೋಡಿ. ನಾನು ಉಜ್ಜಲಿಲ್ಲ. ಒಂಬತ್ತು ದಿನ ಉಜ್ಜಲಿಲ್ಲ.

ಗಾಡಿ ಅಪ್ಪನದು. 1972ರ ಫೋಕ್ಸ್‌ವ್ಯಾಗನ್ ಬೀಟಲ್, 1600 ಸಿಸಿ ಇಂಜಿನ್. ಅಪ್ಪ ಹೋದ ಮೇಲೆ ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಹನ್ನೊಂದು ವರ್ಷ ಸುಮ್ನೆ ನಿಂತಿತ್ತು. ಮಾರಿಬಿಡು ಅಂತ ಎಲ್ಲರೂ ಹೇಳಿದರು. ನನಗೆ ಮನಸ್ಸಾಗಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ಭಾನುವಾರ ಈ ಇಂಜಿನ್ನಿನ ವಾಲ್ವ್ ಗ್ಯಾಪ್ ಹೊಂದಿಸುವಾಗ ಟಾರ್ಚ್ ಹಿಡಿಯುತ್ತಿದ್ದವಳು ನಾನೇ. ಹೋದ ವರ್ಷ ಧೈರ್ಯ ಮಾಡಿ ಇಂಜಿನ್ ಇಳಿಸಿದೆ. ಪಕ್ಕದ ಮನೆಯ ಹುಡುಗ, ನಾನು, ಒಂದು ಟ್ರಾಲಿ ಜಾಕ್. ಈ ಗಾಡಿಯ ಇಂಜಿನ್ ಗೇರ್‌ಬಾಕ್ಸಿಗೆ ನಿಂತಿರುವುದು ನಾಲ್ಕೇ ನಾಲ್ಕು ಬೋಲ್ಟಿನ ಮೇಲೆ. ಗೊತ್ತಿರುವವರಿಗೆ ಅದು ದೊಡ್ಡ ಕೆಲಸ ಅಲ್ಲ.

ಬಿಚ್ಚಿದ್ದನ್ನು ಉದ್ದಕ್ಕೆ ಹೇಳುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಆಮೇಲೆ ಹೆಡ್ಡು ತೊಳೆದ ಅಂಗಡಿಯವನು ಎಲ್ಲ ತಪ್ಪನ್ನೂ ಇದರ ಮೇಲೇ ಹಾಕಿದ. ನಾನು ಮನಸ್ಸಿಗೆ ಬಂದ ಹಾಗೆ ಬಿಚ್ಚಲಿಲ್ಲ. ವಾಲ್ವ್ ತಳ್ಳುವ ಎಂಟು ಪುಶ್‌ರಾಡ್‌ಗಳನ್ನು ಥರ್ಮಾಕೋಲಿನಲ್ಲಿ ತೂತು ಮಾಡಿ ನಂಬರ್ ಬರೆದು ಚುಚ್ಚಿಟ್ಟೆ. ನಟ್ಟುಗಳು ಮೊಟ್ಟೆ ಟ್ರೇಯಲ್ಲಿ. ಪ್ರತಿ ಹಂತಕ್ಕೂ ಫೋಟೋ. ಫ್ಯಾನಿನ ತಗಡಿನೊಳಗೆ ಇಲಿ ಗೂಡು ಕಟ್ಟಿತ್ತು, ಫಿನ್ನುಗಳ (ಶಾಖ ಹೊರಹಾಕುವ ತೆಳು ಲೋಹದ ಪಟ್ಟಿಗಳ) ಸಂದಿಯಲ್ಲಿ ಆಯಿಲ್ ಮತ್ತು ಧೂಳು ಸೇರಿ ಒಣಗಿದ ಸಗಣಿಯ ಹಾಗೆ ಗಟ್ಟಿಯಾಗಿತ್ತು. ಇದಕ್ಕೆ ರೇಡಿಯೇಟರ್ ಇಲ್ಲ ಅಲ್ವಾ. ಬ್ಯಾರಲ್ಲಿನ (ಪಿಸ್ಟನ್ ಓಡಾಡುವ ಸಿಲಿಂಡರಿನ) ಮತ್ತು ಹೆಡ್ಡಿನ ಫಿನ್ನುಗಳ ನಡುವೆ ಗಾಳಿ ಓಡಾಡಬೇಕು. ಜೊತೆಗೆ ಎರಡೂವರೆ ಲೀಟರ್ ಆಯಿಲ್. ಇಂಜಿನ್ ತಣ್ಣಗಿರುವುದು ಇವೆರಡರಿಂದಲೇ. ಕಾಗದದ ಫಿಲ್ಟರ್ ಕೂಡ ಇಲ್ಲ, ತಳದಲ್ಲಿ ಒಂದು ಜಾಲರಿ ಅಷ್ಟೇ. ಹಾಗಾಗಿ ಕೊಳೆ ಉಳಿದರೆ ಅದು ಸೀದಾ ಬೇರಿಂಗಿಗೇ ಹೋಗುತ್ತದೆ.

ಇಂಜಿನ್ನಿನ ಹೊರ ಕವಚ, ಅಂದರೆ ಕೇಸನ್ನು ನಾನೇ ತೊಳೆದೆ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ, ಡೀಸೆಲ್ಲೇ ಗತಿ. ಡೀಸೆಲ್, ನೈಲಾನ್ ಬ್ರಷ್, ಐಸ್‌ಕ್ರೀಮ್ ಕಡ್ಡಿ. ಮೂರು ವಾರಾಂತ್ಯ ಹೋಯಿತು. ಅದು ಮೆಗ್ನೀಸಿಯಂ ಮಿಶ್ರಲೋಹದ ಕೇಸು. ಅದಕ್ಕೆ ಆಸಿಡ್ ತಾಗಿಸಬಾರದು. ಅದರ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಗ್ರೈಂಡರ್ ಹತ್ತಿರ ತರಬಾರದು. ಇಷ್ಟೆಲ್ಲ ಓದಿಕೊಂಡು, ಕೇಳಿಕೊಂಡು ಮಾಡಿದವಳು ನಾನು.

ಹೆಡ್ಡು ಮಾತ್ರ ಮನೆಯಲ್ಲಿ ಆಗುವ ಕೆಲಸ ಆಗಿರಲಿಲ್ಲ. ವಾಲ್ವ್ ಓಡಾಡುವ ಕೊಳವೆ, ಅಂದರೆ ಗೈಡ್‌ಗಳು ಸವೆದಿದ್ದವು. ಅದನ್ನು ತೆಗೆದು ಹೊಸದು ಕೂರಿಸಲು, ವಾಲ್ವ್ ಬಂದು ಕೂರುವ ಸೀಟು ಕಟ್ ಮಾಡಲು ಮೆಷಿನ್ ಬೇಕು. ಬೆಂಗಳೂರಿನಲ್ಲಿ ಒಂದು ಇಂಜಿನ್ ಬೋರಿಂಗ್ ಅಂಗಡಿ ಚೆನ್ನಾಗಿ ಮಾಡುತ್ತಾರೆ ಅಂತ ಯಾರೋ ಹೇಳಿದರು. ಎರಡು ಹೆಡ್ಡು, ನಾಲ್ಕು ಬ್ಯಾರಲ್. ಎರಡು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋದೆ.

ಅಂಗಡಿಯ ಯಜಮಾನ ಚೆನ್ನಾಗಿಯೇ ಮಾತಾಡಿದ. ಹೆಡ್ಡನ್ನು ಕೈಯಲ್ಲಿ ಹಿಡಿದು ತಿರುಗಿಸಿ, "ಬೀಟಲ್ದಾ ಮೇಡಂ, ಒಳ್ಳೇ ಹೆಡ್ಡು, ಎಲ್ಲೂ ಕ್ರ್ಯಾಕ್ ಇಲ್ಲ" ಅಂದ. ಈ ಮಾತು ನೆನಪಿಟ್ಟುಕೊಳ್ಳಿ. ಒಳ್ಳೇ ಹೆಡ್ಡು ಅಂತ ಅವನ ಬಾಯಿಂದಲೇ ಬಂದಿತ್ತು. ಹಿಂದೆ ದೊಡ್ಡ ತೊಟ್ಟಿ ಇತ್ತು, ಹಬೆ ಬರುತ್ತಿತ್ತು, ಪಕ್ಕದಲ್ಲಿ ಟ್ರ್ಯಾಕ್ಟರ್ ಬ್ಲಾಕುಗಳು. ನಾನು ಕೇಳಿದೆ. ಕೇಳದೇ ಇರಲಿಲ್ಲ. "ಇದು ಅಲ್ಯೂಮಿನಿಯಂ, ಕಾಸ್ಟಿಕ್‌ಗೆ ಹಾಕಲ್ಲ ತಾನೇ?" ಅಂತ ಕೇಳಿದೆ. "ಅಯ್ಯೋ, ಇಪ್ಪತ್ತು ವರ್ಷದಿಂದ ಮಾಡ್ತಿದೀವಿ ಮೇಡಂ, ನಮಗೆ ಗೊತ್ತಿಲ್ವಾ? ಡೀಸೆಲ್ ವಾಶ್ ಮಾತ್ರ" ಅಂದ. ಒಟ್ಟು 9,500 ರೂಪಾಯಿ ಅಂತ ಮಾತಾಯಿತು. 5,000 ಮುಂಗಡ ಕೊಟ್ಟೆ. ರಸೀದಿ ಕೇಳಿದ್ದಕ್ಕೆ ಕ್ಯಾಲೆಂಡರ್ ಹಾಳೆಯ ಹಿಂದೆ "2 ಹೆಡ್, 4 ಬ್ಯಾರಲ್" ಅಂತ ಬರೆದುಕೊಟ್ಟ. ಸಹಿ ಇಲ್ಲ, ಸೀಲ್ ಇಲ್ಲ. ಇಂಥ ಅಂಗಡಿಗಳಲ್ಲಿ ಹೀಗೇ ನಡೆಯುತ್ತದೆ ಅಂತ ನಾನೂ ಸುಮ್ಮನಾದೆ.

ಒಂದು ವಾರ ಅಂದಿದ್ದು ಐದು ವಾರ ಆಯಿತು. ಅದು ಮಾಮೂಲು ಬಿಡಿ.

ತರಲು ಹೋದಾಗ ಎರಡೂ ಹೆಡ್ಡು ಮೇಜಿನ ಮೇಲೆ ಬಟ್ಟೆ ಹಾಸಿ ಇಟ್ಟಿದ್ದ. ಹೊಳೆಯುತ್ತಿದ್ದವು. ಈಗ ತಾನೇ ಡಬ್ಬಿಯಿಂದ ತೆಗೆದ ಹೊಸ ಹೆಡ್ಡಿನ ಹಾಗೆ. ಫಿನ್ನುಗಳ ಒಳಗೂ ಅದೇ ಹೊಳಪು. ನನ್ನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿತು. ಅವನಿಗೆ ಥ್ಯಾಂಕ್ಸ್ ಹೇಳಿದೆ, ಒಂದು ಸಲ ಅಲ್ಲ, ಮೂರ್ನಾಲ್ಕು ಸಲ. ಹುಡುಗರ ಟೀ ಕಾಫಿಗೆ ಅಂತ 200 ರೂಪಾಯಿ ಜಾಸ್ತಿ ಕೊಟ್ಟೆ. ಅವನು ಹೇಳಿದ ಮಾತು ಇದು: "ಹೀಟ್ ಕೋಟಿಂಗ್ ಹಾಕಿದೀನಿ ಮೇಡಂ, ನಿಮಗೋಸ್ಕರ ಸ್ಪೆಷಲ್. ಮತ್ತೆ ತೊಳಿಬೇಡಿ, ಹಂಗೇ ಫಿಟ್ ಮಾಡಿ."

ಮತ್ತೆ ತೊಳಿಬೇಡಿ. ಯಾಕೆ ಹಾಗಂದ ಅಂತ ಆಗ ಒಂದು ಕ್ಷಣವೂ ಯೋಚಿಸಲಿಲ್ಲ.

ಒಂಬತ್ತು ದಿನ ಆ ಹೆಡ್ಡುಗಳು ನಮ್ಮ ಹಾಲಿನ ಟೀಪಾಯ್ ಮೇಲೆ ಇದ್ದವು. ಬಂದವರಿಗೆಲ್ಲ ತೋರಿಸಿದೆ. ನಮ್ಮ ಅತ್ತಿಗೆಗೆ, ಚಿಕ್ಕಪ್ಪನಿಗೆ, ಕೊರಿಯರ್ ಹುಡುಗನಿಗೂ ತೋರಿಸಿದೆ. ಹತ್ತನೇ ದಿನ ಜೋಡಣೆಗೆ ಕೂತೆ. ಈ ಇಂಜಿನ್ನಿನಲ್ಲಿ ಬ್ಯಾರಲ್ ಮತ್ತು ಹೆಡ್ಡಿನ ನಡುವೆ ಬೇರೆ ಗಾಡಿಗಳ ಹಾಗೆ ಹೆಡ್ ಗ್ಯಾಸ್ಕೆಟ್ ಇಲ್ಲ. ಬ್ಯಾರಲ್ಲಿನ ಬಾಯಿ ಸೀದಾ ಹೆಡ್ಡಿನ ಅಲ್ಯೂಮಿನಿಯಂ ಮೇಲೆ ಕೂರುತ್ತದೆ, ಲೋಹಕ್ಕೆ ಲೋಹ. ಆ ಉಂಗುರದಷ್ಟು ಜಾಗ ಕನ್ನಡಿಯ ಹಾಗೆ ಇರಬೇಕು. ಒಂದು ಸಲ ಒರೆಸಿಬಿಡೋಣ ಅಂತ ಹಳೇ ಬನಿಯನ್ ಬಟ್ಟೆಗೆ ಪೆಟ್ರೋಲ್ ಹಾಕಿ ಅಲ್ಲಿ ಒಂದು ಸುತ್ತು ಎಳೆದೆ.

ಬಟ್ಟೆ ಬೆಳ್ಳಿ ಬಣ್ಣ ಆಯಿತು.

ಇನ್ನೊಂದು ಸಲ ಎಳೆದೆ. ಇನ್ನೂ ಬೆಳ್ಳಿ. ಬೆರಳಿಗೆ, ಉಗುರಿಗೆ, ಸೀರೆಯ ಸೆರಗಿಗೆ, ಎಲ್ಲ ಕಡೆ ಬೆಳ್ಳಿ. ಅದು ಹೀಟ್ ಕೋಟಿಂಗ್ ಅಲ್ಲ. ಗೇಟಿಗೆ, ಕಿಟಕಿ ಸರಳಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟು. ಥಿನ್ನರ್ ತಂದು ಒಂದು ಹೆಡ್ಡನ್ನು ಪೂರ್ತಿ ತೊಳೆದೆ. ಕೈ ನಡುಗುತ್ತಿತ್ತು. ಕೆಳಗೆ ಕಂಡಿದ್ದು ಕಪ್ಪು ಬೂದು ಬಣ್ಣದ ಲೋಹ, ಸೆಟ್ ದೋಸೆಯ ಮೇಲೆ ಇರುತ್ತವಲ್ಲ ಆ ಥರ ಸಣ್ಣ ಸಣ್ಣ ತೂತು. ಬ್ಯಾರಲ್ ಕೂರುವ ಜಾಗದ ತುಂಬ ತೂತು. ಫಿನ್ನುಗಳ ಅಂಚು ಬ್ಲೇಡಿನಷ್ಟು ತೆಳ್ಳಗೆ. ಸ್ಪಾರ್ಕ್ ಪ್ಲಗ್ ಕೈಯಲ್ಲಿ ತಿರುಗಿಸಿ ಹಾಕಿದರೆ ಥ್ರೆಡ್ಡಿನಲ್ಲಿ ಅಲ್ಲಾಡುತ್ತಿತ್ತು. ವಾಲ್ವ್ ಸೀಟುಗಳು ಬೇರೆ ಲೋಹದವು. ಅವು ಹಾಗೇ ಇದ್ದವು, ಸುತ್ತಲಿನ ಅಲ್ಯೂಮಿನಿಯಂ ಮಾತ್ರ ಕರಗಿ ಕೆಳಗೆ ಹೋಗಿತ್ತು. ಒಸಡು ಸವೆದಾಗ ಹಲ್ಲು ಎದ್ದು ನಿಂತ ಹಾಗೆ ಸೀಟುಗಳು ಎದ್ದು ನಿಂತಿದ್ದವು.

ಬ್ಯಾರಲ್‌ಗಳನ್ನೂ ಓಡಿಹೋಗಿ ನೋಡಿದೆ. ಅವಕ್ಕೆ ಏನೂ ಆಗಿರಲಿಲ್ಲ. ಅವು ಬೀಡು, ಅಂದರೆ ಎರಕದ ಕಬ್ಬಿಣ. ಕಾಸ್ಟಿಕ್ ಕಬ್ಬಿಣವನ್ನು ಮುಟ್ಟುವುದಿಲ್ಲ, ಅಲ್ಯೂಮಿನಿಯಂ ಅನ್ನು ನೊರೆ ಬರಿಸಿ ತಿನ್ನುತ್ತದೆ. ಇನ್ನೇನು ಸಾಕ್ಷಿ ಬೇಕು? ಟ್ರ್ಯಾಕ್ಟರ್ ಬ್ಲಾಕಿನ ಜೊತೆ ಎಲ್ಲವನ್ನೂ ಒಂದೇ ಬಿಸಿ ತೊಟ್ಟಿಗೆ ಹಾಕಿದ್ದಾರೆ. ಎಷ್ಟು ಹೊತ್ತು ಬಿಟ್ಟರೋ.

ಅಮ್ಮನಿಗೆ ತೋರಿಸಿದೆ. ಅಮ್ಮ ಹೆಡ್ಡು ಮುಟ್ಟಿ ನೋಡಿ, "ಜರ್ಮನ್ ಪಾತ್ರೆಗೆ ಸೋಡಾ ಹಾಕಿ ಕುದಿಸಿದರೆ ಹೀಗೇ ಕಪ್ಪಾಗಿ ತೂತು ಬೀಳೋದು. ನಮ್ಮ ಕಾಲದ ಹೆಂಗಸರಿಗೆಲ್ಲ ಗೊತ್ತು ಕಣೇ" ಅಂದರು. ಜರ್ಮನ್ ಪಾತ್ರೆ ಅಂದರೆ ಅಲ್ಯೂಮಿನಿಯಂ ಪಾತ್ರೆ. ಅಡುಗೆಮನೆಯಲ್ಲಿ ಗೊತ್ತಿರುವ ವಿಷಯ ಇಪ್ಪತ್ತು ವರ್ಷದ ಅಂಗಡಿಯವನಿಗೆ ಗೊತ್ತಿಲ್ಲವಾ? ಗೊತ್ತಿತ್ತು. ಗೊತ್ತಿದ್ದಕ್ಕೇ ಬಣ್ಣ ಬಳಿದ. ನನ್ನ ಕೋಪ ಇರುವುದು ಅದಕ್ಕೆ. ಹುಡುಗರು ತಿಳಿಯದೆ ತೊಟ್ಟಿಗೆ ಹಾಕಿದರು ಅಂತ ಅವತ್ತೇ ಹೇಳಿದ್ದರೆ ಅಳುತ್ತಿದ್ದೆ, ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವನು ಕೂತು, ಬ್ರಷ್ ಹಿಡಿದು, ಫಿನ್ನು ಫಿನ್ನಿಗೂ ಬಣ್ಣ ಬಳಿಸಿದ್ದಾನೆ. ನನ್ನ ಮುಂದೆ ಬಟ್ಟೆ ಹಾಸಿ ಇಟ್ಟಿದ್ದಾನೆ. ನನ್ನ ಕೈಯಿಂದ ಟೀ ದುಡ್ಡು ತೆಗೆದುಕೊಂಡಿದ್ದಾನೆ.

ಫೋನ್ ಮಾಡಿದೆ. ಎತ್ತಲಿಲ್ಲ. ಫೋಟೋ ಕಳಿಸಿದೆ. ನೋಡಿದ್ದಾನೆ, ಉತ್ತರ ಇಲ್ಲ. ಮಾರನೇ ದಿನ ಒಂದು ಸಾಲು ಬಂತು: "ಹಳೇ ಗಾಡಿ ಮೇಡಂ, ಐವತ್ತು ವರ್ಷ ಆಗಿದೆ, ಲೋಹ ಸವೆದಿರುತ್ತೆ." ಒಳ್ಳೇ ಹೆಡ್ಡು ಅಂತ ನೀವೇ ಹೇಳಿದ್ರಲ್ಲ ಅಂದೆ. ಆಮೇಲೆ ಫೋನ್ ಎತ್ತಿದ. "ಮನೇಲಿ ನೀವು ಏನೋ ಹಾಕಿ ತೊಳೆದಿದೀರ. ಗೊತ್ತಿಲ್ಲದೆ ಮನೇಲಿ ಇಂಜಿನ್ ಬಿಚ್ಚಿದ್ರೆ ಹಿಂಗೇ ಆಗೋದು." ನಾನು ಕೊಡುವ ಮೊದಲು ತೆಗೆದ ಫೋಟೋ ಕಳಿಸಿದೆ, ಬ್ಯಾರಲ್ ಕೂರುವ ಜಾಗ ಸ್ಪಷ್ಟವಾಗಿ ಕಾಣುತ್ತದೆ, ಒಂದು ತೂತೂ ಇಲ್ಲ. ಅದಕ್ಕೆ ಬಂದ ಉತ್ತರ: "ನಿಮ್ಮ ಮನೆಯವರಿಗೆ ಫೋನ್ ಕೊಡಿ ಮೇಡಂ, ಗಂಡಸರ ಹತ್ರ ಮಾತಾಡ್ತೀನಿ, ನಿಮಗೆ ಅರ್ಥ ಆಗಲ್ಲ."

ಗಂಡಸರ ಹತ್ರ ಮಾತಾಡ್ತೀನಿ. ಈ ಇಂಜಿನ್ನಿನ ಒಂದೊಂದು ನಟ್ಟು ಬಿಚ್ಚಿದ್ದು ನಾನು. ಮೂವತ್ತಾರು ಎಂಎಂ ಫ್ಲೈವೀಲ್ ನಟ್ಟಿಗೆ ಪೈಪ್ ಹಾಕಿ ನೇತಾಡಿ ಸಡಿಲ ಮಾಡಿದ್ದು ನಾನು. ನಮ್ಮ ಯಜಮಾನರಿಗೆ ಬಾನೆಟ್ ಯಾವ ಕಡೆ ಅಂತಲೂ ಗೊತ್ತಿಲ್ಲ. ಅವರು ಒಳ್ಳೆಯವರು, ಆದರೆ ಇದು ನನ್ನ ಗಾಡಿ, ನನ್ನ ದುಡ್ಡು, ನನ್ನ ಕೆಲಸ.

ಕೊನೆಗೆ ಕೊಟ್ಟ ಪರಿಹಾರ ಕೇಳಿ. "ಕಾಪರ್ ವಾಷರ್ ಹಾಕಿ, ಬಾಂಡ್ ಹಚ್ಚಿ ಬಿಗಿ ಮಾಡಿ, ಓಡುತ್ತೆ. ಬೇಕಾದ್ರೆ 1,000 ವಾಪಸ್ ಹಾಕ್ತೀನಿ." ಆ 1,000 ಕೂಡ ಬಂದಿಲ್ಲ. ದೂರು ಕೊಡೋಣ ಅಂದರೆ ಕೈಯಲ್ಲಿರುವುದು ಕ್ಯಾಲೆಂಡರ್ ಹಾಳೆ. ಮುಂಗಡ ಕಳಿಸಿದ ನಂಬರ್ ಕೂಡ ಯಾರದೋ ಬೇರೆ ಹೆಸರಿನಲ್ಲಿದೆ.

ಇಲ್ಲೇ ಮೈಸೂರಿನ ಒಬ್ಬ ವಯಸ್ಸಾದ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಸೀಟನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿದರು. "ಕಾಸ್ಟಿಕ್ ಕೆಲಸ ಇದು ತಾಯಿ. ಕೂರಿಸಬೇಡಿ" ಅಂದರು. ತೂತು ಹೋಗುವವರೆಗೆ ಲೇತಿನಲ್ಲಿ ಮಟ್ಟ ಮಾಡಿದರೆ ಒಳಗಿನ ಜಾಗ ಕಮ್ಮಿಯಾಗಿ ಕಂಪ್ರೆಶನ್ ಏರುತ್ತದೆ, ಗಾಳಿಯಲ್ಲಿ ತಣ್ಣಗಾಗುವ ಇಂಜಿನ್ ಅದನ್ನು ತಡೆಯುವುದಿಲ್ಲ. ಮಟ್ಟ ಮಾಡಿದರೂ ಸೀಟಿನ ಹಿಡಿತ ವಾಪಸ್ ಬರುವುದಿಲ್ಲ. ಓಡುವಾಗ ಒಂದು ಸೀಟು ಕಳಚಿ ಪಿಸ್ಟನ್ ಮೇಲೆ ಬಿದ್ದರೆ ಪೂರ್ತಿ ಇಂಜಿನ್ನೇ ಹೋಯಿತು. ಆ ಬಟ್ಟೆಯಲ್ಲಿ ಒರೆಸದೆ, ಅವನು ಹೇಳಿದ ಹಾಗೆ "ಹಂಗೇ ಫಿಟ್" ಮಾಡಿದ್ದರೆ? ಮಕ್ಕಳನ್ನು ಕೂರಿಸಿಕೊಂಡು ಬೆಂಗಳೂರು ರಸ್ತೆಯಲ್ಲಿ ಹೋಗುವಾಗ ಆಗಿದ್ದರೆ? ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೊಸ ಹೆಡ್ಡು ಹೊರದೇಶದಿಂದ ತರಿಸಬೇಕು. ಬೀಟಲ್ ಮೆಕ್ಸಿಕೋದಲ್ಲಿ 2003ರವರೆಗೂ ತಯಾರಾಗುತ್ತಿತ್ತು, ಹಾಗಾಗಿ ಬಿಡಿಭಾಗ ಈಗಲೂ ಸಿಗುತ್ತದೆ. ಆದರೆ ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ನನಗೆ ಬಂದ ಲೆಕ್ಕ 50,000 ದಾಟಿದೆ. ಅಪ್ಪನ ಗಾಡಿಯ ಜೊತೆ ಬಂದಿದ್ದ ಹೆಡ್ಡುಗಳಂತೂ ಹೋದವು. ಅವನ್ನು ಯಾವ ದುಡ್ಡು ಕೊಟ್ಟರೂ ತರಲು ಆಗುವುದಿಲ್ಲ.

ನಿಮಗೆ ಹೇಳುವುದು ಇಷ್ಟೇ. ಹೆಡ್ಡನ್ನು ಮನೆಯಲ್ಲೇ ತೊಳೆದು, ಸ್ವಚ್ಛ ಮಾಡಿ, ಆಮೇಲೆ ಗೈಡ್ ಕೆಲಸಕ್ಕೆ ಮಾತ್ರ ಕೊಡಿ. ಡೀಸೆಲ್ಲಿನಲ್ಲಿ ಎರಡು ದಿನ ನೆನೆಸಿದರೆ ಕರಿ ಬಿಡುತ್ತದೆ. ಉಳಿದಿದ್ದನ್ನು ಬಿದಿರು ಕಡ್ಡಿಯಲ್ಲಿ ಕೆರೆಯಿರಿ, ಬ್ಯಾರಲ್ ಕೂರುವ ಜಾಗಕ್ಕೆ ತಂತಿ ಬ್ರಷ್ ಬೇಡ. ಕೊನೆಗೆ ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಬಿಸಿಲು. ಕೊಡುವ ಮುಂಚೆ ಆ ಜಾಗದ ಫೋಟೋ ತೆಗೆಯಿರಿ. ಸಹಿ ಇರುವ ಬಿಲ್ ಕೊಡದ ಅಂಗಡಿಯಿಂದ ಹಾಗೇ ಎದ್ದು ಬನ್ನಿ, ಯಾರು ಎಷ್ಟೇ ಹೊಗಳಿರಲಿ. ತೊಳಿಬೇಡಿ ಅಂದರೆ ಅಲ್ಲೇ, ಅವರ ಮುಂದೆಯೇ ತೊಳೆಯಿರಿ.

ಆ ಎರಡು ಹೆಡ್ಡನ್ನೂ ನಾನು ಗುಜರಿಗೆ ಹಾಕಿಲ್ಲ. ಒಂದನ್ನು ಪೂರ್ತಿ ಥಿನ್ನರಿನಲ್ಲಿ ತೊಳೆದಿದ್ದೇನೆ, ಇನ್ನೊಂದನ್ನು ಅರ್ಧ ಮಾತ್ರ. ಅರ್ಧ ಬೆಳ್ಳಿ, ಅರ್ಧ ಕಪ್ಪು. ಮೈಸೂರಿನ ಕಡೆ ಯಾರಾದರೂ ಹಳೇ ಇಂಜಿನ್ ಬಿಚ್ಚುತ್ತಿದ್ದರೆ ಬಂದು ಕೈಯಲ್ಲಿ ಹಿಡಿದು ನೋಡಿ. ಫೋಟೋದಲ್ಲಿ ಅದು ಅಷ್ಟು ಗೊತ್ತಾಗುವುದಿಲ್ಲ, ಬೆರಳಾಡಿಸಿದರೆ ಗೊತ್ತಾಗುತ್ತದೆ.