ರೀಡೂ ಯಾವ ಕೀಲಿ ಮಾರಾಯ್ರೆ? ಮೂರು ದಾರಿ ಟ್ರೈ ಮಾಡಿ ನೋಡ್ದೆ

ಅನ್‌ಡೂ, ಅಂದ್ರೆ ಮಾಡಿದ್ದನ್ನ ರದ್ದು ಮಾಡೋ ವಿಷ್ಯದಲ್ಲಿ ತಕರಾರಿಲ್ಲ, ಹೆಚ್ಚುಕಮ್ಮಿ ಎಲ್ಲಾ ಕಡೆ ಕಂಟ್ರೋಲ್ ಝಡ್. ತಲೆನೋವು ಇರೋದು ರೀಡೂದು, ಅಂದ್ರೆ ರದ್ದು ಮಾಡಿದ್ದನ್ನ ವಾಪಸ್ ತರೋದು. ವರ್ಡ್, ಎಕ್ಸೆಲ್, ಚಿತ್ರ ತಿದ್ದೋ ಗಿಂಪ್‌ನಲ್ಲಿ ಕಂಟ್ರೋಲ್ ವೈ, ಫೋಟೋಶಾಪ್‌ನಲ್ಲಿ ಕಂಟ್ರೋಲ್ ಶಿಫ್ಟ್ ಝಡ್, ಟೆಕ್ಸ್ಟ್ ಎಡಿಟರ್ ವಿಮ್‌ನಲ್ಲಿ ಕಂಟ್ರೋಲ್ ಆರ್, ಇನ್ನೊಂದು ಎಡಿಟರ್ ಈಮ್ಯಾಕ್ಸ್‌ನಲ್ಲಂತೂ ಕಂಟ್ರೋಲ್ ವೈ ಅಂದ್ರೆ ಪೇಸ್ಟ್! ಕೋಡ್ ಬರೆಯೋ ಇಂಟೆಲಿಜೆಯ ಡೀಫಾಲ್ಟ್ ವಿಂಡೋಸ್ ಕೀಮ್ಯಾಪ್‌ನಲ್ಲಿ (ಯಾವ ಕೀಲಿಗೆ ಯಾವ ಕೆಲಸ ಅನ್ನೋ ಪಟ್ಟಿ) ಕಂಟ್ರೋಲ್ ವೈ ಒತ್ತಿದ್ರೆ ಕರ್ಸರ್ ಇರೋ ಸಾಲೇ ಡಿಲೀಟ್, ಮತ್ತೆ ಅದೂ ಒಂದು ಹೊಸ ಎಡಿಟ್ ತಾನೆ, ಹಾಗಾಗಿ ವಾಪಸ್ ತರಬೇಕು ಅಂದ್ಕೊಂಡಿದ್ದ ರೀಡೂನೂ ಅಲ್ಲಿಗೆ ಮುಗೀತು.

ಮೊದಲು ಎಲ್ಲಾನೂ ಬಾಯಿಪಾಠ ಮಾಡೋಣ ಅಂತ ಹೊರಟೆ. ತಲೆಗೇನೋ ಹತ್ತಿತು, ಬೆರಳಿಗೆ ಹತ್ತಲಿಲ್ಲ. ಆದ್ರೆ ಒಂದು ಗಮನಿಸ್ದೆ, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಕಂಟ್ರೋಲ್ ಸಿ ಒತ್ತಿದ್ರೆ ಓಡ್ತಿರೋ ಪ್ರೋಗ್ರಾಂ ನಿಲ್ಲುತ್ತೆ, ಕಾಪಿಗೆ ಶಿಫ್ಟೂ ಸೇರಿಸ್ಬೇಕು ಅನ್ನೋದು ನಂಗೆ ಬೇಗ ರೂಢಿ ಆಯ್ತು, ಯಾಕಂದ್ರೆ ಆ ಕಪ್ಪು ಪರದೆ ನೋಡಿದ ತಕ್ಷಣ ಕೈಗೆ ಗೊತ್ತಾಗುತ್ತೆ. ಎರಡೂ ಕಡೆ ಒಂದೇ ಥರ ಬಿಳಿ ಪುಟ ಇದ್ರೆ ಮಾತ್ರ ಕೈ ಮೋಸ ಹೋಗುತ್ತೆ.

ಎರಡನೇದು ಆಟೋಹಾಟ್‌ಕೀ, ವಿಂಡೋಸ್‌ನಲ್ಲಿ ಸ್ಕ್ರಿಪ್ಟ್ ಬರೆದು ಕೀಲಿಗಳ ಕೆಲಸ ಬದಲಾಯಿಸೋ ಟೂಲ್. ಒಂದೇ ಒಂದು ಸಾಲು ಬರೆದೆ, ಎಲ್ಲೇ ಕಂಟ್ರೋಲ್ ವೈ ಒತ್ತಿದ್ರೂ ಕಂಟ್ರೋಲ್ ಶಿಫ್ಟ್ ಝಡ್ ಹೋಗ್ಬೇಕು ಅಂತ. ಆಹಾ, ಗೆದ್ದೆ ಅಂದ್ಕೊಂಡೆ. ಆಮೇಲೆ ವರ್ಡ್‌ನಲ್ಲಿ ಒಂದು ಪ್ಯಾರಾ ಸೆಲೆಕ್ಟ್ ಮಾಡಿ ರೀಡೂ ಅಂತ ಒತ್ತಿದ್ರೆ ಬೋಲ್ಡೂ ಇಲ್ಲ ಇಟಾಲಿಕ್ಕೂ ಇಲ್ಲ, ಎಲ್ಲಾ ಬೋಳು ಬೋಳು. ಅಲ್ಲಿ ಕಂಟ್ರೋಲ್ ಶಿಫ್ಟ್ ಝಡ್ ಅಂದ್ರೆ ಅಕ್ಷರದ ಫಾರ್ಮ್ಯಾಟಿಂಗ್ ತೆಗೆಯೋದು! ತಪ್ಪು ವರ್ಡ್‌ದಲ್ಲ, ನನ್ನ ಸ್ಕ್ರಿಪ್ಟ್‌ದು. ಸರಿ, ಈ ಪ್ರೋಗ್ರಾಂ ಮುಂದೆ ಇದ್ರೆ ಹೀಗೆ, ಆ ಪ್ರೋಗ್ರಾಂ ಇದ್ರೆ ಹಾಗೆ ಅಂತ ಷರತ್ತು ಹಾಕ್ತಾ ಹೋದೆ, ಸ್ಕ್ರಿಪ್ಟ್ ಉದ್ದ ಆಗ್ತಾ ಹೋಯ್ತು, ಕೊನೆಗೆ ಒಂದೊಂದು ಪ್ರೋಗ್ರಾಂಗೂ ಬೇರೆ ಬೇರೆ ಬರೀಬೇಕು ಅಂದ್ಮೇಲೆ ಇದನ್ನ ಆಯಾ ಪ್ರೋಗ್ರಾಂ ಒಳಗೇ ಮಾಡಬಹುದಿತ್ತಲ್ಲ ಅನ್ನಿಸ್ತು.

ಅದೇ ಮೂರನೇದು, ನಾನು ಉಳಿಸ್ಕೊಂಡಿರೋದೂ ಅದೇ. ಇಂಟೆಲಿಜೆ ಸೆಟ್ಟಿಂಗ್ಸ್‌ನಲ್ಲಿ ಕೀಮ್ಯಾಪ್‌ಗೆ ಹೋಗಿ ರೀಡೂಗೆ ಕಂಟ್ರೋಲ್ ವೈ ಕೊಟ್ರೆ, ಈ ಕೀಲಿ ಆಗ್ಲೇ ಬೇರೆ ಕೆಲಸಕ್ಕಿದೆ, ಅಲ್ಲಿಂದ ತೆಗೀಲಾ ಬಿಡ್ಲಾ ಅಂತ ಕೇಳುತ್ತೆ, ತೆಗಿ ಅನ್ನಿ, ಇಲ್ದಿದ್ರೆ ಒಂದೇ ಕೀಲಿಗೆ ಎರಡು ಕೆಲಸ ಅಂಟ್ಕೊಂಡಿರುತ್ತೆ. ಚಿತ್ರ ಬಿಡಿಸೋ ಕ್ರಿತಾದಲ್ಲಿ ಫೋಟೋಶಾಪ್ ಥರದ ಶಾರ್ಟ್‌ಕಟ್ ಸೆಟ್ ರೆಡಿ ಇದೆ, 3ಡಿ ಕೆಲಸದ ಬ್ಲೆಂಡರ್‌ನಲ್ಲೂ 2.80 ಆವೃತ್ತಿಯಿಂದ ಬೇರೆ ಸಾಫ್ಟ್‌ವೇರ್‌ಗೆ ಹೊಂದೋ ಕೀಮ್ಯಾಪ್ ಕೊಟ್ಟಿದಾರೆ, ಆದ್ರೆ ಪೂರ್ತಿ ಸೆಟ್ ಬದಲಾಯಿಸಿದ್ರೆ ಟ್ಯುಟೋರಿಯಲ್‌ನವರು ಹೇಳೋ ಕೀಲಿ ಒಂದೂ ತಾಳೆ ಆಗಲ್ಲ, ಅದಕ್ಕೆ ನಾನು ಕೈ ತಪ್ಪೋ ಒಂದೆರಡನ್ನ ಮಾತ್ರ ಬದಲಾಯಿಸ್ತೀನಿ. ಬೇರೆಯವರ ಕಂಪ್ಯೂಟರ್ ಮುಂದೆ ಕೂತ್ರೆ ಮತ್ತೆ ಅದೇ ಗೋಳು, ಅದಕ್ಕೆ ಮದ್ದಿಲ್ಲ.

ವಿಮ್ ಮಾತ್ರ ಮುಟ್ಟಿಲ್ಲ. ಅಲ್ಲಿ ಮರೆತು ಕಂಟ್ರೋಲ್ ವೈ ಒತ್ತಿದ್ರೆ ಪರದೆ ಒಂದು ಸಾಲು ಸರಿಯುತ್ತೆ ಅಷ್ಟೇ.