ರೊಟ್ಟಿ ಅಂಗಡಿಗೆ ರೊಕ್ಕ ಹೇಗೆ ತಗೊಳ್ಳೋದು? ನಾಲ್ಕು ದಾರಿ ನೋಡಿದೆ, ಒಂದನ್ನು ಉಳಿಸಿಕೊಂಡೆ

ಹೊಸದಾಗಿ ಅಂಗಡಿ ಇಡುವವರು ಯಾರೇ ಕೇಳಲಿ, ನಾನು ಹೇಳುವುದು ಒಂದೇ. ಅಂಗಡಿ ಹೆಸರಿಗೆ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ತೆಗೆಸಿ, ಅದೇ ಬ್ಯಾಂಕಿನ ಕ್ಯೂಆರ್ ಮತ್ತು ಸೌಂಡ್‌ಬಾಕ್ಸ್, ಅಂದರೆ ದುಡ್ಡು ಬಂದ ಕೂಡಲೇ ಕೂಗಿ ಹೇಳುವ ಡಬ್ಬಿ, ಹಾಕಿಸಿಕೊಳ್ಳಿ. ಸ್ವಂತ ನಂಬರಿನ ಕ್ಯೂಆರ್ ಅಂಟಿಸಿಕೊಂಡು ಮಾತ್ರ ಕೂರಬೇಡಿ. ನಾನು ಹಾಗೆ ಕೂತೇ ಪೆಟ್ಟು ತಿಂದೆ.

ಧಾರವಾಡದಲ್ಲಿ ನಮ್ಮದು ಸಣ್ಣ ರೊಟ್ಟಿ ಅಂಗಡಿ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. 2025ರ ಯುಗಾದಿಗೆ ಶುರು ಮಾಡಿದೆವು. ನಾನು ಮತ್ತು ನನ್ನ ನೆಗೆಣ್ಣಿ, ಇಬ್ಬರೇ. ದಿನಕ್ಕೆ ಅರವತ್ತು ಎಪ್ಪತ್ತು ಜನ ಬರುತ್ತಾರೆ, ಅವರಲ್ಲಿ ನಗದು ಕೊಡುವವರು ಹತ್ತು ಹನ್ನೆರಡು ಮಂದಿ ಇರಬಹುದು.

ಮೊದಲ ನಾಲ್ಕು ತಿಂಗಳು ನನ್ನ ಉಳಿತಾಯ ಖಾತೆಯ ಕ್ಯೂಆರನ್ನೇ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದೆ. ಖರ್ಚಿಲ್ಲ, ಕಾಗದಪತ್ರ ಇಲ್ಲ, ಅರ್ಧ ಗಂಟೆಯ ಕೆಲಸ. ತೊಂದರೆ ಒಲೆ ಮುಂದೆ ಕೂತಾಗ ಗೊತ್ತಾಯಿತು. ರೊಟ್ಟಿ ಬಡಿಯುವಾಗ ಎರಡೂ ಕೈಗೆ ಹಿಟ್ಟು. "ಅಕ್ಕಾರ, ರೊಕ್ಕ ಹಾಕೇನ್ರಿ, ನೋಡ್ರಿ" ಅಂತ ಗಿರಾಕಿ ಫೋನ್ ಮುಂದೆ ಹಿಡಿಯುತ್ತಾರೆ. ಹಸಿರು ಟಿಕ್ ಕಾಣುತ್ತದೆ. ನನ್ನ ಫೋನ್ ತೆಗೆದು ನೋಡಬೇಕು ಅಂದರೆ ಕೈ ತೊಳೆಯಬೇಕು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದು ತಡವಾಗಿ ಅದು ಬಿರಿಯುತ್ತದೆ. ಹಾಗಾಗಿ "ಆತ್ರಿ, ಹೋಗಿ ಬರ್ರಿ" ಅಂತ ಕಳಿಸಿಬಿಡುತ್ತಿದ್ದೆ. ರಾತ್ರಿ ವಹಿಯಲ್ಲಿ ಲೆಕ್ಕ ಹಾಕಿದರೆ ವಾರಕ್ಕೆ ಮುನ್ನೂರು ನಾನ್ನೂರು ರೂಪಾಯಿ ತಾಳೆ ಆಗುತ್ತಿರಲಿಲ್ಲ. ದುಡ್ಡು ಹೋದಂತೆ ತೋರಿಸುವ ಸುಳ್ಳು ಆ್ಯಪ್‌ಗಳಿವೆ ಅನ್ನುವುದು ಆಗ ನನಗೆ ಗೊತ್ತೇ ಇರಲಿಲ್ಲ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಪಂಚಮಿ ಮುಗಿದ ಮೇಲೆ. ನಮ್ಮ ಕಡೆ ನಾಗರ ಪಂಚಮಿಗೆ ಮುಂಚೆ ರೊಟ್ಟಿ ಹಬ್ಬ. ಕಡಕ್ ರೊಟ್ಟಿ, ನಾಲ್ಕೈದು ಥರ ಚಟ್ನಿ ಮಾಡಿ ಓಣಿಯವರಿಗೆಲ್ಲ ಹಂಚುವುದು ರೂಢಿ. ಈಗ ಮನೆಯಲ್ಲಿ ಬಡಿಯುವವರು ಕಡಿಮೆ, ಕೊಂಡೊಯ್ಯುವವರು ಜಾಸ್ತಿ. ಆ ವಾರ ನಮಗೆ ಕೂರಲೂ ಪುರುಸೊತ್ತಿರಲಿಲ್ಲ. ಹಬ್ಬ ಮುಗಿದ ಶನಿವಾರ ಬೆಳಿಗ್ಗೆ ಎಪಿಎಂಸಿಯಲ್ಲಿ ಜೋಳ ತೂಗಿಸಿ, 14,600 ರೂಪಾಯಿ ಕಳಿಸಲು ಹೋದೆ. ಹೋಗಲಿಲ್ಲ. ಮತ್ತೆ ಹಾಕಿದೆ. ಹೋಗಲಿಲ್ಲ. ಚೀಲಗಳನ್ನು ಅಲ್ಲೇ ಬಿಟ್ಟು ಬಂದೆ.

ಸೋಮವಾರ ಬ್ಯಾಂಕಿಗೆ ಹೋದಾಗ ವಿಷಯ ತಿಳಿಯಿತು. ಬೇರೆ ರಾಜ್ಯದ ಸೈಬರ್ ಪೊಲೀಸರಿಂದ ಸೂಚನೆ ಬಂದು ಖಾತೆಯನ್ನು ತಡೆಹಿಡಿದಿದ್ದರು. ಯಾರಿಗೋ ಎಲ್ಲೋ ಆನ್‌ಲೈನ್ ಮೋಸ ಆಗಿದೆ. ಅವರು ದೂರು ಕೊಟ್ಟಿದ್ದಾರೆ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಇಂಥ ದೂರು ಹೋದರೆ, ಆ ದುಡ್ಡು ಯಾವ ಯಾವ ಖಾತೆಗೆ ಹಾದು ಹೋಗಿದೆಯೋ ಅಲ್ಲೆಲ್ಲ ತಡೆ ಹಾಕುತ್ತಾ ಬರುತ್ತಾರೆ. ಕೆಲವು ಸಲ ಆ ಮೊತ್ತಕ್ಕೆ ಮಾತ್ರ, ಕೆಲವು ಸಲ ಇಡೀ ಖಾತೆಗೆ. ಆ ಸರಪಳಿಯಲ್ಲಿ ಯಾವನೋ ಒಬ್ಬ ನಮ್ಮಲ್ಲಿ 640 ರೂಪಾಯಿಯ ರೊಟ್ಟಿ, ಚಟ್ನಿ ಕೊಂಡಿದ್ದ. ಆ 640ಕ್ಕೆ ನನ್ನ ಇಡೀ ಖಾತೆ ನಿಂತಿತ್ತು.

ಬ್ಯಾಂಕಿನವರು ಕೇಳಿದ ಮೊದಲ ಪ್ರಶ್ನೆಗೇ ನನ್ನ ಬಾಯಿ ಕಟ್ಟಿತು. "ಮೇಡಂ, ಇದು ಉಳಿತಾಯ ಖಾತೆ. ದಿನಕ್ಕೆ ಅರವತ್ತು ಬೇರೆ ಬೇರೆ ಜನರಿಂದ ದುಡ್ಡು ಯಾಕೆ ಬರುತ್ತೆ?" ಅಂಗಡಿ ಇದೆ ಅಂದೆ. ಪುರಾವೆ ಕೇಳಿದರು. ಖಾತೆಯಲ್ಲಿ ಇದ್ದದ್ದು ನನ್ನ ಹೆಸರು, ಅಂಗಡಿಯ ಹೆಸರಲ್ಲ. ಬಿಲ್ ಪುಸ್ತಕ ಇರಲಿಲ್ಲ. ಆ 640 ರೂಪಾಯಿ ರೊಟ್ಟಿಗೇ ಬಂದದ್ದು ಅಂತ ತೋರಿಸಲು ವಹಿಯ ಒಂದು ಪುಟ ಬಿಟ್ಟರೆ ಏನೂ ಇರಲಿಲ್ಲ. ಆ ಪುಟದ ಫೋಟೋ, ಅಂಗಡಿಯ ಫೋಟೋ, ಆಧಾರ್, ಒಂದು ಅರ್ಜಿ ಎಲ್ಲಾ ಸೇರಿಸಿ ಆ ಠಾಣೆಗೆ ಇಮೇಲ್ ಮಾಡಿದೆ. ಮೂರು ಸಲ ಮಾಡಿದೆ. ತಡೆ ತೆಗೆದದ್ದು 26ನೇ ದಿನಕ್ಕೆ.

ನನ್ನ ದೊಡ್ಡ ತಪ್ಪು ಅಂದರೆ ಮನೆಯ ದುಡ್ಡೂ ಅದೇ ಖಾತೆಯಲ್ಲಿತ್ತು. ಮನೆ ಸಾಲದ ಕಂತು ಬೌನ್ಸ್ ಆಯಿತು, ಅದಕ್ಕೆ ದಂಡ ಬೇರೆ. ಮಗಳ ಫೀಸಿಗೆ ಅಕ್ಕನ ಹತ್ತಿರ ಕೈಗಡ ತಂದೆ. ಚಾಲ್ತಿ ಖಾತೆ ಇದ್ದರೆ ತಡೆ ಬೀಳುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನಿಂತರೆ ಅಂಗಡಿ ದುಡ್ಡು ನಿಲ್ಲುತ್ತದೆ, ಮಕ್ಕಳ ಫೀಸು ನಿಲ್ಲುವುದಿಲ್ಲ. ಇದು ವ್ಯಾಪಾರ ಅಂತ ತೋರಿಸಲು ಕಾಗದವೂ ಇರುತ್ತದೆ.

ಆ ವರ್ಷದ ಜುಲೈನಲ್ಲೇ ಇನ್ನೊಂದು ಗಾಬರಿ ಆಗಿತ್ತು. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ "ನೋ ಯುಪಿಐ" ಅಂತ ಬೋರ್ಡ್ ಬಿದ್ದವು, ನೆನಪಿದೆ ಅಲ್ವಾ? ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ನಾವು ಅದರ ಹತ್ತಿರವೂ ಇಲ್ಲ. ಆದರೂ ಚೀಟಿ ದುಡ್ಡು, ತಮ್ಮ ವಾಪಸ್ ಕೊಟ್ಟ ಸಾಲ, ಅಂಗಡಿಯ ವ್ಯಾಪಾರ ಎಲ್ಲಾ ಒಂದೇ ಖಾತೆಯಲ್ಲಿ ಕಲಸಿಕೊಂಡಿದ್ದರೆ, ಯಾವುದು ವ್ಯಾಪಾರದ್ದು ಅಂತ ನಾಳೆ ಬಿಡಿಸಿ ತೋರಿಸುವವರು ಯಾರು?

ಖಾತೆ ನಿಂತಿದ್ದ ದಿನಗಳಲ್ಲಿ ಅವಸರಕ್ಕೆ ಒಂದು ಆ್ಯಪ್ ಕಂಪನಿಯ ಸೌಂಡ್‌ಬಾಕ್ಸ್ ತಗೊಂಡೆ, ಮನೆಯವರ ಖಾತೆಗೆ ಜೋಡಿಸಿ. ಒಪ್ಪಿಕೊಳ್ಳುತ್ತೇನೆ, ಡಬ್ಬಿ ಚೆನ್ನಾಗಿತ್ತು. ಕೇಳಿದ ದಿನವೇ ಹುಡುಗ ತಂದು ಕೂರಿಸಿದ. ಕನ್ನಡದಲ್ಲೇ ಜೋರಾಗಿ ಹೇಳುತ್ತಿತ್ತು. ಹಿಟ್ಟಿನ ಕೈಯನ್ನು ಎತ್ತುವ ಕೆಲಸವೇ ಇಲ್ಲ. ಬಾಡಿಗೆ ತಿಂಗಳಿಗೆ 125. ಆದರೆ ದುಡ್ಡು ಖಾತೆಗೆ ಬೀಳುತ್ತಿದ್ದದ್ದು ಮರುದಿನ ಹತ್ತು ಗಂಟೆ ಮೇಲೆ. ನಾನು ಜೋಳಕ್ಕೆ ಹೋಗುವುದು ಬೆಳಿಗ್ಗೆ ಏಳಕ್ಕೆ. ಹಿಂದಿನ ದಿನದ ದುಡಿಮೆ ಕೈಯಲ್ಲಿಲ್ಲದೆ ಹೋಗಿ ಏನು ಮಾಡಲಿ? ಜೊತೆಗೆ ಸಾಲ ಬೇಕಾ ಅಂತ ದಿನಾ ಫೋನ್. ಡಬ್ಬಿ ವಾಪಸ್ ಕೊಡಲು ಮೂರು ವಾರ ಅಲೆದೆ, ಅಷ್ಟೂ ದಿನ ಬಾಡಿಗೆ ಕತ್ತರಿಸಿಕೊಂಡರು.

ಕಾರ್ಡ್ ಮಷಿನ್ ಎರಡು ತಿಂಗಳು ಇಟ್ಟೆ. ಒಂಬತ್ತು ಜನ ಉಜ್ಜಿದರು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲ, ಹೆಚ್ಚಿನ ಕಾರ್ಡುಗಳಿಗೆ ಕಮಿಷನ್ ಉಂಟು. ಎಂಬತ್ತು ರೂಪಾಯಿಯ ರೊಟ್ಟಿಗೆ ಅದು ಬೇಡ. ಸೀರೆ, ಮೊಬೈಲ್ ಮಾರುವವರು ಯೋಚಿಸಬಹುದು.

ಈಗ ಇರುವುದು ಚಾಲ್ತಿ ಖಾತೆ. ತೆಗೆಯಲು ಹನ್ನೊಂದು ದಿನ ಹಿಡಿಯಿತು. ವ್ಯಾಪಾರ ಇದೆ ಅನ್ನಲು ಎರಡು ದಾಖಲೆ ಕೇಳಿದರು. ಒಂದು ಉದ್ಯಮ್, ಅಂದರೆ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ. ಅದು ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಪುಕ್ಕಟೆ ಆಗುತ್ತದೆ, ಯಾರಿಗೂ ಸುಮ್ನೆ ಐನೂರು ಕೊಡಬೇಡಿ. ಇನ್ನೊಂದು ಪಾಲಿಕೆಯ ಟ್ರೇಡ್ ಲೈಸೆನ್ಸ್. ನನ್ನ ಬ್ಯಾಂಕಿನಲ್ಲಿ ಹತ್ತು ಸಾವಿರ ಖಾತೆಯಲ್ಲಿ ಇರಲೇಬೇಕು, ಬಡ್ಡಿ ಇಲ್ಲ. ಮೊದಲ ತಿಂಗಳು ಅದು ನಮಗೆ ಭಾರವೇ ಆಯಿತು. ಡಬ್ಬಿಯ ಬಾಡಿಗೆ ಜಿಎಸ್‌ಟಿ ಸೇರಿ 118. ದನಿ ಸ್ವಲ್ಪ ಸಣ್ಣದು, ಹಿಟ್ಟಿನ ಗಿರಣಿ ಶುರುವಾದರೆ ಕೇಳುವುದಿಲ್ಲ, ಅದಕ್ಕೇ ಒಲೆಯ ಪಕ್ಕದ ಗೋಡೆಯ ಮಾಡದಲ್ಲಿ ಇಟ್ಟಿದ್ದೇನೆ. ಆದರೆ ದುಡ್ಡು ಆಗಲೇ ಖಾತೆಗೆ ಬೀಳುತ್ತದೆ. ಸ್ಕ್ಯಾನ್ ಮಾಡಿದವರಿಗೆ ಅಂಗಡಿಯ ಹೆಸರೇ ಕಾಣುತ್ತದೆ. ಏನಾದರೂ ಕೆಟ್ಟರೆ ಶಾಖೆಗೆ ಹೋಗಿ ಎದುರಿಗೆ ಕೂತು ಕೇಳಬಹುದು. ನನಗೆ ಅದೇ ರೂಢಿ.

ನಮ್ಮ ಕ್ಯೂಆರ್ ಮೇಲೆ ಯಾರಾದರೂ ತಮ್ಮ ಚೀಟಿ ಅಂಟಿಸಿ ಹೋಗುವ ಭಯ ಈಗಲೂ ಇದೆ. ಅದಕ್ಕೇ ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ನನ್ನ ನೆಗೆಣ್ಣಿ ತನ್ನ ಫೋನಿನಿಂದ ಒಂದು ರೂಪಾಯಿ ಹಾಕುತ್ತಾಳೆ. ಮಾಡದಿಂದ "ಒಂದು ರೂಪಾಯಿ" ಅಂತ ಕೇಳಿದ ಮೇಲೆ ನಾನು ಒಲೆ ಹಚ್ಚುತ್ತೇನೆ.