ಎಂಟು ಗಂಟೆಗೆ ಸಾಯುತ್ತಿದ್ದ ಗಡಿಯಾರ

ಮೈಕ್ರೊಕಂಟ್ರೋಲರಿಗೆ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರಿಗೆ) ಎಲ್‌ಇಡಿ ಪರದೆ ಜೋಡಿಸಿ ಏನಾದರೂ ಕಟ್ಟುತ್ತಿದ್ದೀರಾ? ಹಾಗಿದ್ದರೆ ಕೈಗೆ ಸಿಕ್ಕ ಮೊಬೈಲ್ ಚಾರ್ಜರನ್ನು ಸಿಕ್ಕಿಸಿ ‘ಐದು ವೋಲ್ಟ್ ತಾನೇ’ ಎಂದುಕೊಳ್ಳುವ ಮೊದಲು ಇದನ್ನು ಓದಿ. ಹಾಗೆ ಅಂದುಕೊಂಡ ನಾನು ಮೂರು ವಾರ, ಒಂದು ಪರದೆ, ಒಂದು ಬೋರ್ಡ್ ಕಳೆದುಕೊಂಡೆ.

ಕಟ್ಟಲು ಹೊರಟಿದ್ದು ಗೋಡೆ ಗಡಿಯಾರ. ಒಂದು ಇಎಸ್‌ಪಿ32 (ವೈಫೈ ಇರುವ ಮೈಕ್ರೊಕಂಟ್ರೋಲರ್) ಬೋರ್ಡ್, ಅದಕ್ಕೆ 8 ಸಾಲು, 32 ಕಂಬಗಳ, ಡಬ್ಲ್ಯುಎಸ್2812ಬಿ ಎಂಬ ಜಾತಿಯ ಎಲ್‌ಇಡಿ ದೀಪಗಳ ಫಲಕ. ಒಟ್ಟು 256 ದೀಪಗಳು. ಗಂಟೆಗೊಮ್ಮೆ ವೈಫೈ ಮೂಲಕ ಸಮಯ ತಾಳೆ ನೋಡಿಕೊಂಡು ಬಿಳಿ ಅಂಕಿಗಳಲ್ಲಿ ತೋರಿಸಬೇಕು. ಹೊಳಪನ್ನು ಕಾಲು ಭಾಗಕ್ಕೆ ಇಳಿಸಿದ್ದೆ. ಮೇಜಿನ ಮೇಲೆ ಎಲ್ಲವೂ ಸರಿಯಿತ್ತು. ಗೋಡೆಗೆ ನೇತುಹಾಕಿದ ದಿನ ಸರಿಯಾಗಿ 20:00ಕ್ಕೆ ಪರದೆ ಮಿಟುಕಿ, ಕಪ್ಪಾಗಿ, ಗಡಿಯಾರ ಮತ್ತೆ ಮೊದಲಿನಿಂದ ಶುರುವಾಯಿತು. ಮರುದಿನ ಬೆಳಿಗ್ಗೆ 08:00ಕ್ಕೆ ಇನ್ನೊಮ್ಮೆ. ಒಂದು ದಿನ 08:08ಕ್ಕೆ. 11:11ಕ್ಕಾಗಲಿ 17:11ಕ್ಕಾಗಲಿ ಏನೂ ಆಗುತ್ತಿರಲಿಲ್ಲ.

ಕೋಡ್ ಬರೆಯುವವನಿಗೆ ಮೊದಲ ಅನುಮಾನ ಕೋಡಿನ ಮೇಲೆಯೇ. ಎಂಟು ಎಂಬ ಅಂಕಿಯನ್ನು ಬಿಡಿಸುವ ಚುಕ್ಕಿಗಳ ಪಟ್ಟಿಯಲ್ಲಿ ದೋಷವಿದೆ ಎಂದು ತೀರ್ಮಾನಿಸಿ ಅದನ್ನು ಪೂರ್ತಿ ಹೊಸದಾಗಿ ಬರೆದೆ. ಸಮಯದ ಲೈಬ್ರರಿ ಬದಲಿಸಿದೆ. ದೋಷದ ಸಂದೇಶ ಓದೋಣ ಎಂದು ಲ್ಯಾಪ್‌ಟಾಪ್ ಜೋಡಿಸಿದರೆ, ನೆಂಟರ ಮುಂದೆ ಮಾತ್ರ ಸಭ್ಯವಾಗಿ ಕೂರುವ ಮಗುವಿನ ಹಾಗೆ, ಗಡಿಯಾರ ಇಡೀ ರಾತ್ರಿ ತಪ್ಪಿಲ್ಲದೆ ನಡೆಯುತ್ತಿತ್ತು. ಆ ಯುಎಸ್‌ಬಿ ಕೇಬಲ್ ಸಂದೇಶ ಒಯ್ಯುವುದರ ಜೊತೆಗೆ ಬೋರ್ಡಿಗೆ ವಿದ್ಯುತ್ತನ್ನೂ ಕೊಡುತ್ತಿದೆ ಎನ್ನುವುದು ನನಗೆ ಹೊಳೆದದ್ದು ಹತ್ತು ದಿನಗಳ ಮೇಲೆ.

ಕೊನೆಗೆ, ಬಿದ್ದು ಎದ್ದ ಕೂಡಲೇ ತಾನು ಬಿದ್ದದ್ದೇಕೆ ಎಂಬುದನ್ನು ಪರದೆಯ ಮೇಲೆಯೇ ತೋರಿಸುವಂತೆ ಕೋಡ್ ಬರೆದೆ. ಇಎಸ್‌ಪಿ32 ಆ ಕಾರಣವನ್ನು ನೆನಪಿಟ್ಟುಕೊಂಡಿರುತ್ತದೆ, ಕೇಳಿದರೆ ಹೇಳುತ್ತದೆ. ಹೇಳಿದ್ದು ‘ಬ್ರೌನ್‌ಔಟ್’. ಚಿಪ್ಪಿಗೆ ಸಿಗುವ ವೋಲ್ಟೇಜ್ ಕುಸಿದಿತ್ತು, ಅದು ತನ್ನನ್ನು ಕಾಪಾಡಿಕೊಳ್ಳಲು ಮರುಚಾಲನೆಗೊಂಡಿತ್ತು.

ಇಲ್ಲಿ ನಾನು ಮಾಡಿದ ದಡ್ಡತನವನ್ನು ನೀವು ಮಾಡಬೇಡಿ. ಬ್ರೌನ್‌ಔಟ್ ಪತ್ತೆಯನ್ನೇ ನಿಲ್ಲಿಸುವ ಒಂದು ಸಾಲಿನ ಕೋಡ್ ಇದೆ. ಬಹಳ ಜನ ಅದನ್ನು ಪರಿಹಾರವೆಂದು ಹಂಚುತ್ತಾರೆ. ನಾನೂ ಸೇರಿಸಿದೆ. ಆಮೇಲೆ ಗಡಿಯಾರ ಮರುಚಾಲನೆಗೊಳ್ಳಲಿಲ್ಲ, ನಿಂತಲ್ಲೇ ನಿಂತಿತು. ಪರದೆಯ ತುಂಬ ಹಸಿರು, ನೇರಳೆ ಚುಕ್ಕಿಗಳು. ಎರಡು ದಿನಗಳಲ್ಲಿ ಫ್ಲ್ಯಾಶ್ ಸ್ಮರಣೆಯಲ್ಲಿದ್ದ ವೈಫೈ ಗುಪ್ತಪದವೂ ಅಳಿಸಿಹೋಯಿತು. ಹೊಗೆ ಕಂಡು ಕೂಗುವ ಗಂಟೆಯ ಬಾಯಿಗೆ ಬಟ್ಟೆ ತುರುಕಿದ್ದೆ, ಅಷ್ಟೇ.

ಲೆಕ್ಕವನ್ನು ಮೊದಲೇ ಹಾಕಿದ್ದರೆ ಐದು ನಿಮಿಷದ ಕೆಲಸ. ಈ ಜಾತಿಯ ಒಂದು ದೀಪ ಪೂರ್ಣ ಬಿಳಿಯಲ್ಲಿ ಸುಮಾರು 60 ಮಿಲಿಆಂಪಿಯರ್ ಎಳೆಯುತ್ತದೆ. 256 ದೀಪಗಳೂ ಹಾಗೆ ಬೆಳಗಿದರೆ ಹದಿನೈದು ಆಂಪಿಯರಿಗೂ ಹೆಚ್ಚು. ನನ್ನ ಗಡಿಯಾರ ಅಷ್ಟು ಬೆಳಗುವುದಿಲ್ಲ. 11:11 ತೋರಿಸಲು ಸುಮಾರು 34 ದೀಪ ಸಾಕು, 20:08ಕ್ಕೆ ಸುಮಾರು 67 ಬೇಕು. ಕಾಲು ಹೊಳಪಿನಲ್ಲಿ ಮೊದಲನೆಯದು ಅರ್ಧ ಆಂಪಿಯರ್, ಎರಡನೆಯದು ಒಂದು ಆಂಪಿಯರ್. ಆರಿದಂತೆ ಕಾಣುವ ದೀಪದೊಳಗಿನ ಚಿಪ್ಪೂ ಒಂದು ಮಿಲಿಆಂಪಿಯರಿನಷ್ಟು ಕುಡಿಯುತ್ತದೆ, ಅದೇ ಒಟ್ಟು ಕಾಲು ಆಂಪಿಯರ್. ವೈಫೈ ಸಂಕೇತ ಕಳಿಸುವ ಗಳಿಗೆಯಲ್ಲಿ ಇಎಸ್‌ಪಿ32 ಇನ್ನೂ ಕಾಲು ಆಂಪಿಯರ್ ಕೇಳುತ್ತದೆ. ಅದರ ಪೂರೈಕೆಗೆ ಅರ್ಧ ಆಂಪಿಯರ್ ಮೀಸಲಿಡಿ ಎಂದು ತಯಾರಕರೇ ಹೇಳುತ್ತಾರೆ. ಗೋಡೆಯಲ್ಲಿದ್ದ ನನ್ನ ಹಳೆಯ ಚಾರ್ಜರಿನ ಒಟ್ಟು ಶಕ್ತಿ ಒಂದು ಆಂಪಿಯರ್. ಎಂಟರಲ್ಲಿ, ಸೊನ್ನೆಯಲ್ಲಿ ಚುಕ್ಕಿಗಳು ಜಾಸ್ತಿ. ಗಂಟೆ ತುಂಬಿದಾಗ ವೈಫೈ ಕೂಡ ಜೊತೆಗೂಡುತ್ತಿತ್ತು. ಅಂಕಿಯ ಶಾಪವೇನೂ ಇರಲಿಲ್ಲ.

ಸರಿ, ಎರಡು ಆಂಪಿಯರಿನ ಚಾರ್ಜರ್ ತಂದು ಹಾಕಿದೆ. 20:00ಕ್ಕೆ ಮತ್ತೆ ಸತ್ತಿತು.

ಈ ಸಲ ಮಲ್ಟಿಮೀಟರ್ ಹಿಡಿದು ಕೂತೆ. ಮೊದಲೂ ಅಳೆದಿದ್ದೆ, ಆದರೆ ಪರದೆ ಆರಿದ್ದಾಗ. ಆಗ ಯಾವ ಚಾರ್ಜರಾದರೂ ಐದು ವೋಲ್ಟ್ ತೋರಿಸುತ್ತದೆ. ಈಗ 88:88 ಎಂದು ಬೆಳಗಿಸಿಟ್ಟು ಅಳೆದರೆ ಚಾರ್ಜರಿನ ಬಾಯಲ್ಲಿ 5.05, ಫಲಕದ ಬಳಿ 4.35. ಮುಕ್ಕಾಲು ವೋಲ್ಟಿನಷ್ಟನ್ನು ನುಂಗಿದ್ದು ಕೇಬಲ್. ಕೂದಲಿನಂಥ 28 ಗೇಜಿನ ತಂತಿಗೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.2 ಓಮ್ ರೋಧ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಸೇರಿಸಿದರೆ 0.4. ಒಂದೂವರೆ ಆಂಪಿಯರ್ ಹರಿದರೆ 0.6 ವೋಲ್ಟ್ ತಂತಿಯಲ್ಲೇ ಖರ್ಚು. ಇನ್ನು ಬೋರ್ಡಿನ ಮೇಲಿರುವ, ಐದು ವೋಲ್ಟನ್ನು ಚಿಪ್ಪಿಗೆ ಬೇಕಾದ 3.3ಕ್ಕೆ ಇಳಿಸುವ ಎಎಂಎಸ್1117 ರೆಗ್ಯುಲೇಟರ್, ಭಾರ ಹೆಚ್ಚಿದಾಗ, 3.3 ವೋಲ್ಟ್ ಕೊಡಬೇಕಾದರೆ ಅದಕ್ಕಿಂತ 1.1 ವೋಲ್ಟಿನಷ್ಟು ಹೆಚ್ಚನ್ನು ಒಳಗೆ ಬೇಡುತ್ತದೆ. ಅಂದರೆ 4.4. ನನ್ನ ಬೋರ್ಡ್ ಬಾವಿಯ ಅಂಚಿನಲ್ಲೇ ನಿಂತಿತ್ತು.

ಮೀಟರ್ ತೋರಿಸುವುದು ಸರಾಸರಿ ಎಂಬುದನ್ನೂ ಮರೆಯಬೇಡಿ. ಹೊಳಪು ಇಳಿಸಿದರೆ ಈ ದೀಪಗಳು ಮಂದವಾಗಿ ಉರಿಯುವುದಿಲ್ಲ, ಕಣ್ಣಿಗೆ ಕಾಣದ ವೇಗದಲ್ಲಿ ಮಿಟುಕುತ್ತವೆ. ಹೊತ್ತಿದ ಕ್ಷಣದಲ್ಲಿ ಪೂರ್ತಿ ಎಳೆತವೇ. ಫಲಕದ ಬಾಯಲ್ಲಿ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟು ಬೇಕಾದ ಗಳಿಗೆಯಲ್ಲಿ ಕೊಡುವ ಬಿಡಿಭಾಗ) ಹಾಕಿ ಎನ್ನುವುದು ಇದಕ್ಕೇ. ಶಾಸ್ತ್ರಕ್ಕೆ ಹೇಳುತ್ತಾರೆಂದು ನಾನು ಅದನ್ನು ಬಿಟ್ಟಿದ್ದೆ.

ಕಾರಣ ಗೊತ್ತಾದ ಮೇಲೂ ತಾಳ್ಮೆ ಇರಲಿಲ್ಲ. ಡ್ರಾಯರಿನಲ್ಲಿ ದಪ್ಪ ತಂತಿಯ ಅಡಾಪ್ಟರ್ ಒಂದಿತ್ತು, ಪಿನ್ ನನ್ನ ಸಾಕೆಟ್ಟಿಗೆ ಸರಿಯಾಗಿ ಕೂರುತ್ತಿತ್ತು. 5.5 ಮತ್ತು 2.1 ಮಿಲಿಮೀಟರಿನ ಆ ದುಂಡು ಪಿನ್ 5 ವೋಲ್ಟಿಗೂ ಬರುತ್ತದೆ, 9ಕ್ಕೂ, 12ಕ್ಕೂ. ನನ್ನದು 12. ಈ ದೀಪಗಳ ಮಿತಿ 5.3 ವೋಲ್ಟ್. ಸುಟ್ಟ ವಾಸನೆ ಮೂಗಿಗೆ ಬರುವಷ್ಟರಲ್ಲಿ ಪರದೆ ಮುಗಿದಿತ್ತು, ಬೋರ್ಡ್ ಕೂಡ ಮತ್ತೆ ಮಾತಾಡಲಿಲ್ಲ. ಅಡಾಪ್ಟರಿನ ಬೆನ್ನ ಮೇಲೆ ಬರೆದದ್ದನ್ನು ಓದಿ; ನಡುವಿನ ಪಿನ್ ಧನವೋ ಋಣವೋ ಎಂಬ ಪುಟ್ಟ ಚಿತ್ರವನ್ನೂ ನೋಡಿ. ವೋಲ್ಟ್ ಕರಾರುವಾಕ್ಕಾಗಿ ಹೊಂದಬೇಕು. ಆಂಪಿಯರ್ ಹೆಚ್ಚಿದ್ದರೆ ಬೋರ್ಡ್ ಸುಡುತ್ತದೆ ಎಂಬ ಹೆದರಿಕೆ ಮಾತ್ರ ಬೇಡ, ಅದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಪುಟ್ಟ ಒಎಲ್‌ಇಡಿ ಪರದೆಯಾದರೆ ಈ ರಗಳೆ ಯಾವುದೂ ಇಲ್ಲ, ಕೆಲವು ಹತ್ತು ಮಿಲಿಆಂಪಿಯರುಗಳಲ್ಲಿ ಅದರ ಸಂಸಾರ ನಡೆಯುತ್ತದೆ.

ಈಗಿನ ಗಡಿಯಾರಕ್ಕೆ 5 ವೋಲ್ಟ್, 4 ಆಂಪಿಯರಿನ ಅಡಾಪ್ಟರ್ ಇದೆ. ಅದರಿಂದ ಫಲಕಕ್ಕೆ ಒಂದು ಜೋಡಿ ದಪ್ಪ ತಂತಿ ಎರಡು ತುದಿಗೂ ಹೋಗುತ್ತದೆ, ಬೋರ್ಡಿಗೆ ಬೇರೆಯೇ ಜೋಡಿ. ನಡುವೆ 3 ಆಂಪಿಯರಿನ ಫ್ಯೂಸ್, ಕೋಡಿನಲ್ಲಿ ಎರಡೂವರೆ ಆಂಪಿಯರಿನ ಮಿತಿ. 88:88 ಬೆಳಗಿದಾಗ ಫಲಕದ ದೂರದ ತುದಿಯಲ್ಲಿ 4.92 ವೋಲ್ಟ್ ಸಿಗುತ್ತದೆ. ಮೊದಲ ವಾರ ತಿದ್ದಿ ಬರೆದ ಎಂಟು ಮಾತ್ರ ಹಾಗೆಯೇ ಉಳಿದಿದೆ, ಬಲಕ್ಕೆ ಸ್ವಲ್ಪ ವಾಲಿಕೊಂಡು.